ಪಾಸ್ ಇದ್ರೆ ಹೇಳು ಮಗಾ

2025ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಸೋನು ನಿಗಮ್ ಹಾಡುತ್ತಿದ್ದಾಗ ಹುಡುಗನೊಬ್ಬ ‘ಕನ್ನಡ, ಕನ್ನಡ’ ಅಂತ ಕೂಗಿದ್ದು, ಅವರು ಸಿಟ್ಟಿನಲ್ಲಿ ಪಹಲ್ಗಾಮ್ ಹೆಸರು ಎತ್ತಿದ್ದು, ಆಮೇಲೆ ಕೇಸು, ಫಿಲ್ಮ್ ಚೇಂಬರಿನ ಅಸಹಕಾರ, ಕ್ಷಮೆ, ಇದೆಲ್ಲ ನಿಮಗೆ ನೆನಪಿರುತ್ತದೆ. ಆ ಮಾತು ತಪ್ಪು, ಅದರಲ್ಲಿ ಚರ್ಚೆಯೇ ಇಲ್ಲ. ‘ಮುಂಗಾರು ಮಳೆ’ ಬಂದ 2006ರಿಂದ ಮನುಷ್ಯನನ್ನು ತಲೆ ಮೇಲೆ ಹೊತ್ತುಕೊಂಡು ಮೆರೆಸಿದ ಜನಕ್ಕೆ ಹಾಗೆ ಹೇಳಬಾರದಿತ್ತು. ಆ ವಾರ ನನ್ನ ಫೋನಿನ ಅಷ್ಟೂ ಗ್ರೂಪುಗಳು ಹೊತ್ತಿ ಉರಿದವು. ಬಿಇ ಗೆಳೆಯರ ಗ್ರೂಪು, ಅಪಾರ್ಟ್‌ಮೆಂಟಿನ ಗ್ರೂಪು, ಶನಿವಾರ ಶಟಲ್ ಆಡುವವರ ಗ್ರೂಪು, ಎಲ್ಲ ಕಡೆ ಒಂದೇ ಕೆಂಪು-ಹಳದಿ.

ಅದಾದ ಎರಡು ವಾರಕ್ಕೆ ಒಂದು ಕನ್ನಡ ಬ್ಯಾಂಡಿನ ಶೋ ಇತ್ತು. ಸಿನಿಮಾದವರಲ್ಲ. ತಾವೇ ಬರೆದು, ತಾವೇ ರಾಗ ಹಾಕಿ ಹಾಡುವ ಹುಡುಗರು. ಟಿಕೆಟ್ 399. ಅದೇ ಗ್ರೂಪುಗಳಿಗೆ ಲಿಂಕ್ ಹಾಕಿದೆ. ನಾಲ್ಕು ಜನ ಹಾರ್ಟ್ ಒತ್ತಿದರು. ಒಬ್ಬ ಮಾತ್ರ ಉತ್ತರ ಬರೆದ: ‘ಪಾಸ್ ಇದ್ರೆ ಹೇಳು ಮಗಾ.’

ಈ ‘ಪಾಸ್ ಇದ್ರೆ ಹೇಳು’ ಅನ್ನುವ ಮೂರು ಶಬ್ದ ಕನ್ನಡ ಸಂಗೀತಕ್ಕೆ ಮಾಡಿದಷ್ಟು ಹಾನಿಯನ್ನು ಸೋನು ನಿಗಮ್ ಏಳು ಜನ್ಮ ಎತ್ತಿದರೂ ಮಾಡಲಾರರು. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ರಘು ದೀಕ್ಷಿತ್ ಅವರನ್ನೇ ತೆಗೆದುಕೊಳ್ಳೋಣ. ಯಾಕೆಂದರೆ ‘ಕನ್ನಡದಲ್ಲಿ ರಾಕ್ ಎಲ್ಲಿದೆ ಗುರು?’ ಅಂತ ಕೇಳುವವರೂ ‘ಇದೆಯಲ್ಲ’ ಅಂತ ಉತ್ತರ ಕೊಡುವವರೂ ಕೊನೆಗೆ ತೋರಿಸುವುದು ಅವರೊಬ್ಬರನ್ನೇ. ಮೈಸೂರಿನ ಹುಡುಗ, ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ, ಸಹಪಾಠಿಯೊಬ್ಬನ ಪಂಥಕ್ಕೆ. ‘ಅಂತರಾಗ್ನಿ’ ಅಂತ ಮೊದಲೊಂದು ಬ್ಯಾಂಡ್ ಕಟ್ಟಿದರು, ಅದು ಒಡೆಯಿತು. ಆಮೇಲೆ ಶುರುವಾದದ್ದು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಬೆಲ್ಜಿಯಂನಲ್ಲಿ ವಿಜ್ಞಾನಿಯ ಕೆಲಸ ಮಾಡಿ ಬಂದವರು ಅದನ್ನು ಬಿಟ್ಟು ಹಾಡಿಗೆ ಇಳಿದರು. ನಮ್ಮಲ್ಲಿ ಆನ್‌ಸೈಟ್ ಸಿಕ್ಕವನು ಎಚ್1ಬಿ ಬಗ್ಗೆ ಕನಸು ಕಾಣುತ್ತಾನೆ. ಇವರು ಸಂಬಳವನ್ನೇ ಬಿಟ್ಟರು. ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅದನ್ನು ತಂದದ್ದು ಬೆಂಗಳೂರಿನ ಕಂಪನಿ ಅಲ್ಲ, ಮುಂಬೈನ ವಿಶಾಲ್-ಶೇಖರ್ ಜೋಡಿ. ಕ್ಯಾಸೆಟ್ಟು, ಸೀಡಿ ಮಾರಿ ದುಡ್ಡು ಮಾಡಿದ ಕಂಪನಿಗಳಿಗೆ ನಮ್ಮ ಊರಲ್ಲೇನೂ ಬರ ಇರಲಿಲ್ಲ, ನೆನಪಿರಲಿ.

ಆ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯಾ’ ಇತ್ತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮ, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡದ ಒಂದಕ್ಷರ ಗೊತ್ತಿಲ್ಲದ ಇಂಗ್ಲಿಷರನ್ನು ಕುಣಿಸಿ ಬಂದರು. ಆ ಜನ ಟಿಕೆಟ್ ತಗೊಂಡು ಕುಣಿದರು. ನಮಗೆ ಆ ವಿಡಿಯೋ ಯೂಟ್ಯೂಬಿನಲ್ಲಿ ಸಿಕ್ಕಿತು, ರೋಮಾಂಚನ ಆಯಿತು, ಶೇರ್ ಮಾಡಿದೆವು. ಪುಕ್ಕಟೆ.

ಇಲ್ಲಿಗೆ ಎರಡು ಥರದ ಆಕ್ಷೇಪ ಬರುತ್ತವೆ. ಮೊದಲನೆಯದು ದೊಡ್ಡವರದ್ದು: ‘ಷರೀಫರ ಹಾಡನ್ನು ಹಾಳು ಮಾಡಿಬಿಟ್ಟ. ಗಿಟಾರು, ಡ್ರಮ್ಸು, ಕಿರುಚಾಟ. ಮೂಲ ಹೇಗಿತ್ತು ಗೊತ್ತಾ?’ ಮೂಲ ಎಲ್ಲಿದೆ ಸ್ವಾಮಿ? ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ದನಿ ಯಾವ ರೆಕಾರ್ಡಿನಲ್ಲೂ ಇಲ್ಲ. ತತ್ವಪದ ಹಾಡುವವರ ಬಾಯಲ್ಲಿ ಏಕತಾರಿ, ದಮ್ಮಡಿ, ತಾಳದ ಜೊತೆ ಊರಿಗೊಂದು ಥರ ಹರಿದುಬಂದ ಹಾಡುಗಳು ಅವು. ನೀವು ‘ಮೂಲ’ ಅಂತ ಕಣ್ಣುಮುಚ್ಚಿ ಗುನುಗುವುದು ಸಿ. ಅಶ್ವತ್ಥ್ ಅವರ ಧಾಟಿ. ಅದನ್ನು ಮನೆಮನೆಗೆ ಮುಟ್ಟಿಸಿದ್ದು 1990ರ ನಾಗಾಭರಣರ ಸಿನಿಮಾ ಮತ್ತು ಅದರ ಕ್ಯಾಸೆಟ್ಟು. ಅಶ್ವತ್ಥ್ ಅವರೇನು ಏಕತಾರಿ ಒಂದನ್ನೇ ಇಟ್ಟುಕೊಂಡಿದ್ದರಾ? ವಾದ್ಯವೃಂದ ಇತ್ತು, ಕೋರಸ್ ಇತ್ತು. 2005ರಲ್ಲಿ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಅಂತ ಅವರು ಮಾಡಿದ್ದು ಪಕ್ಕಾ ರಾಕ್ ಕಾನ್ಸರ್ಟ್. ಅಷ್ಟು ಜನ, ಅಷ್ಟು ದೊಡ್ಡ ಸ್ಟೇಜು, ಆ ಕಂಠ. ಹೆಸರು ಮಾತ್ರ ಸುಗಮ ಸಂಗೀತ. ಅಶ್ವತ್ಥ್ ಅವರಿಗೆ ಬಂದ ಹಕ್ಕು ರಘು ದೀಕ್ಷಿತ್ ಅವರಿಗೆ ಯಾಕೆ ಬರಲ್ಲ? ಇಪ್ಪತ್ತು ವರ್ಷ ಹಳೆಯದಾದರೆ ಎಲ್ಲವೂ ಪರಂಪರೆ ಆಗುವುದಾದರೆ ಇನ್ನು ಸ್ವಲ್ಪ ವರ್ಷ ತಡೆಯಿರಿ, ಈ ‘ಗುಡುಗುಡಿಯಾ’ ಕೂಡ ಮೂಲ ಆಗುತ್ತದೆ.

ಎರಡನೆಯ ಆಕ್ಷೇಪ ನಮ್ಮ ವಯಸ್ಸಿನವರದ್ದು: ‘ಲುಂಗಿ ಉಟ್ಟ ಮಾತ್ರಕ್ಕೆ ಜಾನಪದ ಆಗಲ್ಲ, ಇದು ಫಾರಿನರ್ಸ್‌ಗೆ ಮಾಡಿದ ಪ್ಯಾಕೇಜಿಂಗ್.’ ಇದನ್ನು ನನಗೆ ಹೇಳಿದವನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ನಾನು ಬೆಳೆದದ್ದು ತಳಕಿನಲ್ಲಿ, ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಸಿಗುವ ಊರು. ನಮ್ಮ ಕಡೆ ಹಳ್ಳಿಯವರು ಲುಂಗಿಯ ಬಗ್ಗೆ ಯಾವತ್ತೂ ಸೆಮಿನಾರ್ ಮಾಡಿದ್ದಿಲ್ಲ. ದೊಡ್ಡವರು ಪಂಚೆ ಉಡುತ್ತಾರೆ, ಹುಡುಗರು ಬರ್ಮುಡಾ ಹಾಕುತ್ತಾರೆ, ಲುಂಗಿ ಮಧ್ಯದಲ್ಲೆಲ್ಲೋ ಇದೆ. ಹಳ್ಳಿಯ ಹೆಸರಿನಲ್ಲಿ ಶುದ್ಧತೆಯ ಸರ್ಟಿಫಿಕೇಟ್ ಕೇಳುವವರು ಹಳ್ಳಿಯಲ್ಲಿ ಸಿಗುವುದೇ ಇಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಬಂದು ನೋಡಿ. ಒಂದು ಕಡೆ ಉರುಮೆ, ಇನ್ನೊಂದು ಕಡೆ ಆರ್ಕೆಸ್ಟ್ರಾದವರ ರಿದಮ್ ಪ್ಯಾಡು, ಮತ್ತೊಂದು ಕಡೆ ತೆಲುಗು ಸಿನಿಮಾದ ಹಾಡು. ಆಂಧ್ರದ ಗಡಿ ಕೂಗಳತೆಯಲ್ಲಿರುವ ನಮಗೆ ಯಾವುದು ಯಾರದ್ದು ಅಂತ ಬೇರ್ಪಡಿಸುವ ಚಟ ಇಲ್ಲ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಬೆಂಗಳೂರಿನ ವೇದಿಕೆ ಮೇಲೆ ತೆಲುಗು ಹಾಡು ಹಾಡಿದರು ಅಂತ ಇಲ್ಲಿ ಕೆಲವರು ಮುನಿಸಿಕೊಂಡಾಗ ನನಗೆ ನಗು ಬಂತು. ನಮ್ಮೂರಲ್ಲಾಗಿದ್ದರೆ ಒನ್ಸ್ ಮೋರ್ ಅನ್ನುತ್ತಿದ್ದರು.

ಹಾಡಿದವನಿಗೆ ಕೊಡಬೇಕು ಅನ್ನುವುದು ಮಾತ್ರ ನಮ್ಮೂರಿಗೆ ಗೊತ್ತು. ಪೌರಾಣಿಕ ನಾಟಕ ಆದರೆ ಪಾತ್ರ ಮಾಡುವವನೇ ಕೈಯಿಂದ ಕಾಸು ಹಾಕುತ್ತಾನೆ. ಹಾರ್ಮೋನಿಯಂ ಮೇಷ್ಟ್ರಿಗೆ ತಿಂಗಳುಗಟ್ಟಲೆ ಊಟ, ಸಂಬಳ. ಸೀನರಿ ಬಾಡಿಗೆ, ಡ್ರೆಸ್ಸು, ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ, ಎಲ್ಲದಕ್ಕೂ ಊರು ಚಂದಾ ಎತ್ತುತ್ತದೆ. ಒಳ್ಳೆಯ ಕಂದ ಹಾಡಿದ ಕರ್ಣನ ಎದೆಗೆ ನೋಟು ಪಿನ್ ಮಾಡುತ್ತಾರೆ, ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ. ದುರ್ಯೋಧನ ಗದೆ ಹಿಡಿದು ಕಾಯುತ್ತಾ ನಿಂತಿರುತ್ತಾನೆ, ಹೆಸರು ಓದಿ ಮುಗಿಯುವವರೆಗೂ ಯುದ್ಧ ಇಲ್ಲ. ಕೂಲಿ ಮಾಡಿದ ಜೇಬಿನಿಂದ ಬಂದ ನೂರರ ನೋಟು ಅದು. ಹಳ್ಳಿಯನ್ನು ಹೊಗಳಿ ನಿಮ್ಮನ್ನು ತೆಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ತಮಟೆ, ಉರುಮೆ ಬಾರಿಸಿದವರಿಗೆ ಎಷ್ಟು ಕೊಡುತ್ತಿದ್ದರು, ಎಲ್ಲಿ ನಿಲ್ಲಿಸಿ ಕೊಡುತ್ತಿದ್ದರು ಅನ್ನುವುದನ್ನೂ ನೋಡಿಕೊಂಡೇ ಬೆಳೆದಿದ್ದೇನೆ. ಆ ಲೆಕ್ಕದಲ್ಲಿ ನಮ್ಮೂರೂ ಬಾಕಿದಾರನೇ. ಆದರೂ ‘ಪಾಸ್ ಇದ್ರೆ ಬರ್ತೀನಿ’ ಅಂದವರನ್ನು ನಾನು ಅಲ್ಲಿ ಕಂಡಿಲ್ಲ.

ಇನ್ನೊಂದು ಉಪಾಯದ ಮಾತಿದೆ. ‘ನಿಜವಾದ ಕಲಾವಿದ ದುಡ್ಡಿಗೆ ಹಾಡಲ್ಲ.’ ಇದಕ್ಕೆ ನಮ್ಮೂರಿನವರೇ ಕಾರಣ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ತ.ರಾ.ಸು. ಹೆಸರಿನ ಮೊದಲ ಅಕ್ಷರ ತಳಕು. ಅವರ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯ ದೊರೆಯ ಮುಂದೆ ಹಾಡಲಾರೆ ಅಂತ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದರು, ಅದಕ್ಕೂ ಮೊದಲು 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಗಿತ್ತು. ಓದಿದರೆ ಮೈ ಜುಮ್ಮೆನ್ನುತ್ತದೆ, ಸರಿ. ಆದರೆ ಆ ನಾಲಿಗೆ ಕತ್ತರಿಸಿಕೊಂಡದ್ದು ದೊರೆಯ ಎದುರಿಗೆ, 399 ರೂಪಾಯಿ ಟಿಕೆಟ್ ತಗೊಂಡು ಬಂದ ಸಾಮಾನ್ಯನ ಎದುರಿಗಲ್ಲ. ‘ಕಲೆ ಮಾರಾಟಕ್ಕಿಲ್ಲ’ ಅನ್ನುವ ಹಕ್ಕು ಕಲಾವಿದನದ್ದು. ಕೇಳಲು ಬಂದವನು ಅದನ್ನು ಹೇಳಿದರೆ ಅದು ಜಿಪುಣತನ.

ಲೆಕ್ಕವನ್ನೇ ಹಾಕೋಣ, ನಮಗೆ ಬರುವುದು ಅದೊಂದೇ ವಿದ್ಯೆ. ನೂರೈವತ್ತು ಜನ ಹಿಡಿಯುವ ಜಾಗ, ಪೂರ್ತಿ ತುಂಬಿತು ಅಂತಲೇ ಇಟ್ಟುಕೊಳ್ಳಿ. ತಲಾ 400. ಒಟ್ಟು 60,000. ಜಾಗದವರು ಒಂದು ಪಾಲು, ಬುಕಿಂಗ್ ಆ್ಯಪ್‌ನವರು ಒಂದು ಪಾಲು. ಅರ್ಧ ಉಳಿದರೆ 30,000. ಸೌಂಡ್ ಎಂಜಿನಿಯರ್ ಸೇರಿ ಆರು ಜನ, ತಲೆಗೆ ಐದು ಸಾವಿರ. ಅದರಲ್ಲಿ ಗಾಡಿ ಬಾಡಿಗೆ, ಅಭ್ಯಾಸದ ಕೋಣೆಯ ಬಾಡಿಗೆ, ಕಿತ್ತುಹೋದ ತಂತಿ. ಇದಕ್ಕೆ ಒಂದು ತಿಂಗಳ ರಿಹರ್ಸಲ್. ಆ ರೇಟಿಗೆ ನೀವು ಒಂದು ಸ್ಪ್ರಿಂಟ್ ಮುಗಿಸಿಕೊಡುತ್ತೀರಾ? ಸ್ಪ್ರಿಂಟ್ ಬಿಡಿ, ಒಂದು ರಾತ್ರಿ ಡಿಪ್ಲಾಯ್‌ಮೆಂಟಿಗೆ ಕೂರುತ್ತೀರಾ? ‘ಸ್ಪಾಟಿಫೈನಲ್ಲಿ ಕೇಳ್ತೀವಲ್ಲ’ ಅನ್ನಬೇಡಿ. ಅಲ್ಲಿಂದ ಬರುವ ಪೈಸೆಯಲ್ಲಿ ಗಿಟಾರಿನ ತಂತಿ ಬಂದರೆ ಅದೇ ದೊಡ್ಡದು.

ಜಾಗವೇ ಎಲ್ಲಿದೆ ಅನ್ನುವುದು ಇನ್ನೊಂದು ಕಥೆ. ಬೆಂಗಳೂರಿನ ಆಡುಮಾತಿನಲ್ಲಿ ‘ಲೈವ್ ಬ್ಯಾಂಡ್’ ಅಂದರೆ ಏನು ಅಂತ ನಿಮಗೆ ಗೊತ್ತು. ಗಿಟಾರ್ ಅಲ್ಲ. ಕಾನೂನಿಗೂ ಆ ಗೊಂದಲ ಇದೆ. 2005ರ ಲೈಸೆನ್ಸ್ ಆದೇಶ ಕ್ಯಾಬರೆಯನ್ನೂ ಡಿಸ್ಕೋವನ್ನೂ ಲೈವ್ ಬ್ಯಾಂಡನ್ನೂ ಒಂದೇ ಚೀಲಕ್ಕೆ ತುಂಬಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಇಂದಿರಾನಗರ, ಕೋರಮಂಗಲದ ಎಷ್ಟೋ ಕಡೆ ಹಾಡು ನಿಂತುಹೋಯಿತು. ಮೂಲೆಯಲ್ಲಿ ಕೂತು ಒಂದು ಅಕೂಸ್ಟಿಕ್ ಗಿಟಾರ್ ಬಾರಿಸುವವನಿಗೂ ಪೊಲೀಸ್ ಪರವಾನಗಿ ಬೇಕು. ಹೊಸ ಬ್ಯಾಂಡುಗಳಿಗೆ ನೆಲೆಯಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಆಗ ಯಾವ ಗ್ರೂಪೂ ಹೊತ್ತಿ ಉರಿಯಲಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಎಡ್ ಶೀರನ್ ಮೈಕಿನ ವೈರನ್ನು ಪೊಲೀಸರು ಎಳೆದಾಗ ಮಾತ್ರ ‘ಕಲಾವಿದರಿಗೆ ಅವಮಾನ’ ಅಂತ ಎಲ್ಲರಿಗೂ ಎದೆ ನೋವು. ಅವರು ಮರುದಿನ ಬೇರೆ ಊರಿಗೆ ಹೋದರು, ಏನೂ ನಷ್ಟವಾಗಲಿಲ್ಲ. ವೈರು ಎಳೆಸಿಕೊಂಡ ನಮ್ಮ ಹುಡುಗರು ಸ್ವಿಗ್ಗಿ, ಸ್ಟಾರ್ಟಪ್ಪು ಅಂತ ಸೇರಿಕೊಂಡರು.

ಹಾಗಾಗಿ ಉಳಿಯುವುದು ಕಾರ್ಪೊರೇಟ್ ಶೋ, ಅಂದರೆ ನವೆಂಬರ್. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ರಾಜ್ಯೋತ್ಸವಕ್ಕೆ ಒಂದು ಕನ್ನಡ ಬ್ಯಾಂಡನ್ನು ಕರೆಸುವ ಮೀಟಿಂಗಿನಲ್ಲಿ ಕೂತಿದ್ದೆ. ಮೊದಲ ಮಾತೇ ‘ಅವರಿಗೆ ಒಳ್ಳೆ ಎಕ್ಸ್‌ಪೋಷರ್ ಸಿಗತ್ತೆ, ಸ್ವಲ್ಪ ಕಮ್ಮಿ ಮಾಡ್ಕೊಳ್ಳೋಕೆ ಹೇಳಿ.’ ಸಮೋಸ, ಹೋಳಿಗೆಗೆ ಯಾರೂ ಎಕ್ಸ್‌ಪೋಷರ್ ಕೊಡಲಿಲ್ಲ, ಕ್ಯಾಟರಿಂಗ್‌ನವರು ಕೇಳಿದಷ್ಟು ಕೊಟ್ಟರು. ಆಮೇಲೆ ಹಾಡಿನ ಪಟ್ಟಿ. ‘ಸ್ವಂತದ್ದು ಬೇಡ, ಯಾರಿಗೂ ಗೊತ್ತಿರಲ್ಲ. ಎರಡು ಅಣ್ಣಾವ್ರ ಹಾಡು, ಒಂದು ಷರೀಫ್, ಆಮೇಲೆ ಎಲ್ಲರಿಗೂ ಕನೆಕ್ಟ್ ಆಗೋ ಥರ ಹಿಂದಿ ಹಾಡ್ಲಿ.’ ನವೆಂಬರ್ ಒಂದಕ್ಕೆ ಸ್ವಾಮಿ ಇದು! ಬ್ಯಾಂಡಿನವರು ಬಂದರು, ಹೇಳಿದ್ದನ್ನು ಹಾಡಿದರು. ಮುಂದಿನ ಸಾಲಿನಲ್ಲಿ ಕನ್ನಡದ ಬಾವುಟದ ಶಾಲು ಹೊದ್ದವರು ಹಿಂದಿ ಹಾಡಿಗೆ ಜೋರಾಗಿ ಕುಣಿದರು.

ಈಗ ರಘು ದೀಕ್ಷಿತ್ ಅವರ ಬಗ್ಗೆ ನನ್ನ ತಕರಾರನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಭಜನೆ ಆಗುತ್ತದೆ. 2008ರ ಆಲ್ಬಮ್ಮನ್ನು ಮತ್ತೆ ಕೇಳಿ. ಕನ್ನಡದ ಹಾಡು ಅಂದರೆ ಷರೀಫರದ್ದು. ಆ ಕಾಲದ ಹುಡುಗನ ಪ್ರೀತಿ, ಒಂಟಿತನ, ಊರು ಬಿಟ್ಟ ನೋವು, ಅದೆಲ್ಲ ಬಂದದ್ದು ಬಹುಪಾಲು ಹಿಂದಿಯಲ್ಲಿ, ಸ್ವಲ್ಪ ಇಂಗ್ಲಿಷಿನಲ್ಲಿ. ಅಂದರೆ ಹೊಸ ಮಾತಿಗೆ ಹಿಂದಿ, ಹಳೆಯ ಜ್ಞಾನಕ್ಕೆ ಕನ್ನಡ. 2013ರ ‘ಜಗ್ ಚಂಗಾ’ದಲ್ಲೂ ನಮ್ಮ ಜನಕ್ಕೆ ಅಂಟಿಕೊಂಡದ್ದು ಷರೀಫರ ‘ಲೋಕದ ಕಾಳಜಿ’ಯೇ. ಹತ್ತೊಂಬತ್ತನೇ ಶತಮಾನದ ಸಂತನ ಹೆಗಲ ಮೇಲೆ ಇಪ್ಪತ್ತೊಂದನೇ ಶತಮಾನದ ಕನ್ನಡ ರಾಕ್ ಎಷ್ಟು ದಿನ ಸವಾರಿ ಮಾಡಬೇಕು? ವೇದಿಕೆಯ ಮೇಲೆ ಅವರು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಕೈಕಟ್ಟಿ ನಿಂತ ಮ್ಯಾನೇಜರನ್ನೂ ಮೂರನೇ ಹಾಡಿಗೆ ನೆಗೆಯುವ ಹಾಗೆ ಮಾಡುತ್ತಾರೆ. ಆದರೆ ನಾನು ನೋಡಿದ ಶೋಗಳಲ್ಲಿ ಅದೇ ಹಾಡು, ಅದೇ ತಮಾಷೆ, ಅದೇ ‘ಎಲ್ಲರೂ ಕೂತ್ಕೊಳ್ಳಿ, ಈಗ ನೆಗೀರಿ’. ಮಧ್ಯದಲ್ಲಿ ಸಿನಿಮಾಗಳು: 2008ರಲ್ಲಿ ‘ಸೈಕೋ’, 2010ರಲ್ಲಿ ‘ಜಸ್ಟ್ ಮಾತ್ ಮಾತಲ್ಲಿ’, 2020ರಲ್ಲಿ ‘ಲವ್ ಮಾಕ್‌ಟೇಲ್’, ಹಿಂದಿಯವು ಬೇರೆ. ಅವುಗಳಲ್ಲಿ ಹೊಸ ಕನ್ನಡ ಸಾಲುಗಳಿವೆ, ಚೆನ್ನಾಗಿಯೂ ಇವೆ, ಆದರೆ ಅವು ನಾಯಕ-ನಾಯಕಿಯ ಸಾಲುಗಳು.

ಈ ತಕರಾರನ್ನು ಅವರಿಗೆ ಕೊಟ್ಟು ಕೈ ತೊಳೆದುಕೊಂಡರೆ ಮೋಸ ಆಗುತ್ತದೆ. ಮುಂಬೈನವರು ಆಲ್ಬಮ್ ತರುವಾಗ ಹಿಂದಿ ಬೇಕೆನ್ನಿಸುವುದು ಸಹಜ. ಕಾರ್ಪೊರೇಟ್‌ನವರು ಕರೆಸುವಾಗ ಗೊತ್ತಿರುವ ಹಾಡೇ ಬೇಕು. ಹೊಸ ಕನ್ನಡ ಹಾಡನ್ನು ಮೊದಲ ಸಲ ಹಾಡಿ, ಅದು ಕೈಕೊಟ್ಟರೂ ಪರವಾಗಿಲ್ಲ ಅನ್ನುವಂಥ ಜಾಗ ಟಿಕೆಟ್ ಶೋ ಒಂದೇ. ಅದನ್ನು ತುಂಬಿಸಬೇಕಾದವರು ಪಾಸಿಗೆ ಕಾಯುತ್ತಿದ್ದಾರೆ. ವಾಸು ದೀಕ್ಷಿತ್ ಅವರ ‘ಸ್ವರಾತ್ಮ’ದ್ದೂ ಇದೇ ಪಾಡು. 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ ‘ಟೋಪಿವಾಲೇ’. ಬೆಂಗಳೂರಿನ ಬ್ಯಾಂಡು, ಮೈಸೂರಿನ ಕಂಠ, ಆಲ್ಬಮ್ಮಿನ ಹೆಸರು ಹಿಂದಿ. ಅವರಿಗೆ ಕನ್ನಡ ಬರಲ್ಲ ಅಂತಲಾ? ಕನ್ನಡದಲ್ಲಿ ಈ ಹೊತ್ತಿನ ಬಾಡಿಗೆ ಮನೆ, ಟ್ರಾಫಿಕ್ಕು, ಜಾತಿ, ಅಪ್ಪನ ಸಾಲ, ಇದನ್ನೆಲ್ಲ ಹಾಡಿಗೆ ತಂದವರು ಯಾರು ನೋಡಿದರೆ ಬಹುತೇಕ ರ‍್ಯಾಪರ್‌ಗಳು. ಆಲ್ ಓಕೆ, ಎಂಸಿ ಬಿಜ್ಜು ಥರದವರು. ಅವರಿಗೆ ಆರು ಜನರ ಬ್ಯಾಂಡು ಸಾಕಬೇಕಾಗಿಲ್ಲ, ಒಂದು ಲ್ಯಾಪ್‌ಟಾಪು, ಒಂದು ಮೈಕು ಸಾಕು ಅನ್ನುವುದೂ ಅದಕ್ಕೊಂದು ಕಾರಣ. ದುಡ್ಡಿಲ್ಲದ ಭಾಷೆಯಲ್ಲಿ ವಾದ್ಯ ಕಮ್ಮಿ ಆಗುತ್ತಾ ಹೋಗುತ್ತವೆ.

ವಾದ್ಯ ಕಮ್ಮಿ ಆಗುವುದು ಅಂದರೆ ಏನು ಅಂತ ನಮ್ಮ ತಾಲೂಕಿನವರಿಗೆ ಗೊತ್ತು. ಕಾಡುಗೊಲ್ಲರ ಗಣೆ ಅಂತ ಒಂದಿದೆ, ಮಾಮೂಲಿ ಕೊಳಲಿಗಿಂತ ತುಂಬಾ ಉದ್ದದ ಬಿದಿರಿನ ವಾದ್ಯ. ಅದನ್ನು ನುಡಿಸುತ್ತಾ ಜುಂಜಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುತ್ತಾರೆ. ಕೆಳಗಿನ ದನಿಗೆ ನೆಲ ಗುಂಯ್ ಅನ್ನುತ್ತದೆ. ಯಾವ ಬೇಸ್ ಗಿಟಾರಿಗೂ ಕಮ್ಮಿ ಇಲ್ಲ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವುಗಳನ್ನು ಸಂಗ್ರಹಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಕೊಟ್ಟಿತು. ಪ್ರಶಸ್ತಿ ಬಂತು, ಪುಸ್ತಕ ಬಂತು. ಗಣೆ ಹಿಡಿದ ಇಪ್ಪತ್ತರ ಹುಡುಗನಿಗೆ ಇದರಲ್ಲಿ ಹೊಟ್ಟೆಪಾಡು ಇದೆ ಅಂತ ಹೇಳುವವರು ಬರಲಿಲ್ಲ. ಅವನು ಬೆಂಗಳೂರಿಗೆ ಬಂದು ಸೆಕ್ಯುರಿಟಿ ಕೆಲಸಕ್ಕೆ ಸೇರುತ್ತಾನೆ, ನಮ್ಮ ನಿಮ್ಮ ಟೆಕ್ ಪಾರ್ಕಿನ ಗೇಟಿನಲ್ಲೇ. ಷರೀಫರಿಗೆ ಒಬ್ಬ ರಘು ದೀಕ್ಷಿತ್ ಸಿಕ್ಕ ಹಾಗೆ ಜುಂಜಪ್ಪನಿಗೂ ಒಬ್ಬರು ಸಿಗಬೇಕು ಅನ್ನುವುದು ನನ್ನ ಆಸೆ. ಗಣೆಯ ಪಕ್ಕ ಒಂದು ಡ್ರಮ್ ಸೆಟ್ ಇಟ್ಟು ನೋಡಿ, ಗ್ಲಾಸ್ಟನ್‌ಬರಿ ತಾನೇ ಹುಡುಕಿಕೊಂಡು ಬರುತ್ತದೆ. ಆದರೆ ಗ್ಲಾಸ್ಟನ್‌ಬರಿಗಿಂತ ಮೊದಲು ಇಂದಿರಾನಗರದಲ್ಲಿ ನೂರೈವತ್ತು ಜನ ಬೇಕು.

‘ಟಿಕೆಟ್ ದುಬಾರಿ’ ಅನ್ನುವ ವಿದ್ಯಾರ್ಥಿಗೆ ನಾನು ಏನೂ ಹೇಳುವುದಿಲ್ಲ. ಅವನಿಗೆ ಪಾಸ್ ಸಿಗಲಿ, ಸಿಗಬೇಕು. ನಾನು ಮಾತಾಡುತ್ತಿರುವುದು ಕೋಲ್ಡ್‌ಪ್ಲೇ ಟಿಕೆಟ್‌ಗೆ ಎರಡು ಲ್ಯಾಪ್‌ಟಾಪು, ಮೂರು ಫೋನು ಇಟ್ಟುಕೊಂಡು ವರ್ಚುವಲ್ ಕ್ಯೂನಲ್ಲಿ ಲಕ್ಷದ ಚಿಲ್ಲರೆ ನಂಬರು ಹಿಡಿದು ಕಾದವರ ಹತ್ತಿರ. ಆ 2025ರ ಜನವರಿಯಲ್ಲಿ ಅಹಮದಾಬಾದಿಗೆ ಫ್ಲೈಟು, ಹೋಟೆಲು ಎಲ್ಲ ಸೇರಿ ಎಷ್ಟಾಯಿತು ಅಂತ ಕೇಳಲ್ಲ. ಹೋಗಿ, ಕುಣಿಯಿರಿ, ಒಳ್ಳೆಯ ಬ್ಯಾಂಡು. ಅದೇ ಕಾರ್ಡಿನಲ್ಲಿ 399 ಉಜ್ಜಲು ಕೈ ನಡುಗುವುದು ಯಾಕೆ ಅನ್ನುವುದಷ್ಟೇ ಪ್ರಶ್ನೆ. ‘ಅವರ ಲೆವೆಲ್ ಬೇರೆ ಮಗಾ’ ಅನ್ನುತ್ತೀರಿ. ಆ ಲೆವೆಲ್ ಬಂದದ್ದು ಲಂಡನ್ನಿನ ಸಣ್ಣ ಪಬ್ಬುಗಳಲ್ಲಿ ಇವರಿನ್ನೂ ಯಾರೂ ಅಲ್ಲದಾಗ ಹೋಗಿ ನಿಂತು ಕೇಳಿದವರಿಂದ.

ಈ ನವೆಂಬರಿಗೆ ನಿಮ್ಮ ಆಫೀಸಿನಲ್ಲೂ ಮೀಟಿಂಗ್ ಇರುತ್ತದೆ. ಹೋಗಿ ಕೂತುಕೊಳ್ಳಿ. ಬ್ಯಾಂಡಿನವರು ಕೇಳಿದ ರೇಟನ್ನು ಹೋಳಿಗೆಯವರಿಗೆ ಕೊಟ್ಟ ಹಾಗೆ ಚೌಕಾಸಿ ಮಾಡದೆ ಕೊಡಿಸಿ. ಹಾಡಿನ ಪಟ್ಟಿಯನ್ನು ಅವರೇ ಬರೆಯಲಿ. ಯಾರಾದರೂ ‘ಇದು ಯಾರಿಗೂ ಗೊತ್ತಿಲ್ಲದ ಹಾಡು’ ಅಂದರೆ, ‘ಅದಕ್ಕೇ ಕರೆಸ್ತಿರೋದು ಸಾರ್’ ಅನ್ನಿ. ಡಿಸೆಂಬರಿನಲ್ಲೂ ಅವರದ್ದೊಂದು ಶೋ ಇರುತ್ತದೆ, ಬಹುಶಃ ವಾರದ ಮಧ್ಯೆ, ಬಹುಶಃ ಪಾರ್ಕಿಂಗ್ ಸಿಗದ ಜಾಗದಲ್ಲಿ. ಮೆಟ್ರೋದಲ್ಲಿ ಬನ್ನಿ, ನಾನು ಬಾಗಿಲ ಹತ್ತಿರ ಇರುತ್ತೇನೆ. ನನ್ನ ಹತ್ತಿರ ಪಾಸ್ ಇರಲ್ಲ.